ಮೂಗು ತೆರೆಯುವ ವಿಮಾನ, ಎರಡು ಸೀಟಿನ ಜೆಟ್: ಹ್ಯೂಸ್ಟನ್‌ಗೆ ಹೊರಟ ಬೆಳಗಾವಿಯ ಫೋಟೊಗ್ರಾಫರ್‌ಗೆ ಉತ್ತರ

ಪ್ರಶ್ನೆ: ನಾನು ಬೆಳಗಾವಿಯ ಶಹಾಪುರದವನು. ಇಪ್ಪತ್ತು ವರ್ಷದಿಂದ ಮದುವೆ ಫೋಟೊ ತೆಗೆಯುವುದೇ ನನ್ನ ಕಸುಬು. ಮಗಳು ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾಳೆ. ಅಕ್ಟೋಬರ್‌ನಲ್ಲಿ ಒಂದು ತಿಂಗಳು ಅವಳ ಮನೆಗೆ ಹೋಗುತ್ತಿದ್ದೇನೆ. ಅಲ್ಲಿನ ಎಲಿಂಗ್ಟನ್ ಏರ್‌ಫೀಲ್ಡ್‌ನಲ್ಲಿ ನಾಸಾದ ಗಗನಯಾತ್ರಿಗಳು ತರಬೇತಿಗೆ ಹಾರಿಸುವ ಬಿಳಿ ಜೆಟ್‌ಗಳಿವೆ, ಹೊಟ್ಟೆ ಊದಿದ ಒಂದು ದೊಡ್ಡ ಸಾಮಾನು ವಿಮಾನವೂ ಇದೆ ಎಂದು ಕೇಳಿದ್ದೇನೆ. ಅವುಗಳ ಫೋಟೊ ತೆಗೆಯುವ ಆಸೆ. ನನ್ನ ಹತ್ತಿರ ಸಣ್ಣ ಸೆನ್ಸರ್‌ನ ಕ್ಯಾಮೆರಾ ಮತ್ತು 70-300 ಲೆನ್ಸ್ ಇದೆ. ಇದು ಸಾಕಾ, ದೊಡ್ಡ ಲೆನ್ಸ್ ಕೊಳ್ಳಬೇಕಾ? ಹೋಗುವ ಮುಂಚೆ ಸಾಂಬ್ರಾ ವಿಮಾನ ನಿಲ್ದಾಣದ ಬೇಲಿ ಹೊರಗೆ ನಿಂತು ಪ್ರಾಕ್ಟೀಸ್ ಮಾಡಬಹುದಾ?

ಉತ್ತರ: ನಮಸ್ಕಾರ. ಮೊದಲು ಸಾಂಬ್ರಾದ ಮಾತು ಮುಗಿಸೋಣ. ಬೇಡ. ಅಲ್ಲಿ ಬೇಲಿ ಪಕ್ಕ ಲೆನ್ಸ್ ಹಿಡಿದು ನಿಲ್ಲಬೇಡಿ.

ಸಾಂಬ್ರಾ ಬರೀ ಪ್ರಯಾಣಿಕರ ನಿಲ್ದಾಣ ಅಲ್ಲ. 1942ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಬ್ರಿಟಿಷರ ವಾಯುಪಡೆ ತರಬೇತಿಗೆಂದೇ ಕಟ್ಟಿದ ಜಾಗ ಅದು. ಇವತ್ತಿಗೂ ಅಲ್ಲಿ ನಮ್ಮ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ ಇದೆ. ಅಗ್ನಿವೀರ ಹುಡುಗರು ಅಲ್ಲಿಯೇ ಕಲಿಯುತ್ತಾರೆ. ಸರ್ಕಾರಿ ವಿಮಾನ ನಿಲ್ದಾಣದಲ್ಲಿ ಅನುಮತಿ ಇಲ್ಲದೆ ಫೋಟೊ ತೆಗೆಯುವಂತಿಲ್ಲ ಎಂದು 1937ರ ವಿಮಾನ ನಿಯಮಗಳ 13ನೇ ನಿಯಮ ಹೇಳುತ್ತದೆ. ವಾಯುಪಡೆಯ ನೆಲ ಎಂದ ಮೇಲೆ 1923ರ ಅಧಿಕೃತ ರಹಸ್ಯ ಕಾಯ್ದೆಯೂ ಬರುತ್ತದೆ. ನಿಮ್ಮ ಮನಸ್ಸಿನಲ್ಲಿ ಏನೂ ಇರಲಿಕ್ಕಿಲ್ಲ. ಆದರೆ ಕಾವಲಿನವರಿಗೆ ಕಾಣುವುದು ನಿಮ್ಮ ಲೆನ್ಸ್, ಮನಸ್ಸಲ್ಲ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ರೋಲ್ ಹಾಕುವ ಕಾಲದಲ್ಲಿ ನಾನು ಬೇರೊಂದು ಊರಿನ ವಾಯುನೆಲೆಯ ಹೊರಗೆ, ರಸ್ತೆ ಪಕ್ಕ ನಿಂತು ಮೂರು ಫೋಟೊ ತೆಗೆದಿದ್ದೆ. ಮೂರು ತಾಸು ಕೂರಿಸಿ ವಿಚಾರಿಸಿದರು. ರೋಲ್ ಹೋಯಿತು. ಅದೇ ರೋಲಿನಲ್ಲಿ ನನ್ನ ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರದ ಫೋಟೊಗಳೂ ಇದ್ದವು. ಕಾವಲಿನವರು ಅವರ ಕೆಲಸ ಮಾಡಿದರು, ಅದರಲ್ಲಿ ತಪ್ಪಿಲ್ಲ. ತಂಗಿಯ ಮುಖ ನೋಡುವುದು ಮಾತ್ರ ಬಹಳ ಕಷ್ಟವಾಯಿತು.

ಪ್ರಾಕ್ಟೀಸ್‌ಗೆ ನಿಮಗೆ ವಿಮಾನವೇ ಬೇಕಾಗಿಲ್ಲ. ಒಂದು ಟೇಬಲ್ ಫ್ಯಾನ್ ಸಾಕು. ಯಾಕೆ ಅಂತ ಮುಂದೆ ಹೇಳುತ್ತೇನೆ. ಇನ್ನು ಓಡುವ ವಸ್ತುವಿನ ಜೊತೆ ಕ್ಯಾಮೆರಾ ತಿರುಗಿಸುವುದನ್ನು ಕಲಿಯಲು ನಮ್ಮ ಕಡೆಯ ಚಕ್ಕಡಿ ಶರ್ಯತ್ತಿಗಿಂತ ಒಳ್ಳೆಯ ಶಾಲೆ ಇಲ್ಲ. ಎತ್ತುಗಳು ಒಂದೇ ಗೆರೆಯಲ್ಲಿ, ನಿಮ್ಮ ಮುಂದೆ ಅಡ್ಡ ಹಾಯ್ದು ಹೋಗುತ್ತವೆ. ಸೊಂಟದಿಂದ ತಿರುಗಬೇಕು, ಕೈಯಿಂದ ಅಲ್ಲ. ಗಾಡಿ ದಾಟಿ ಹೋದ ಮೇಲೂ ತಿರುಗುತ್ತಲೇ ಇರಬೇಕು. ಬಟನ್ ಒತ್ತಿದ ಕೂಡಲೇ ಕೈ ನಿಂತರೆ ಫೋಟೊ ಅಲ್ಲೇ ಕೆಡುತ್ತದೆ. ಒಂದು ಭಾನುವಾರ ಶರ್ಯತ್ತಿನಲ್ಲಿ ಶಟರ್ 1/125 ಸೆಕೆಂಡಿಗೆ ಇಟ್ಟು ಇನ್ನೂರು ಫೋಟೊ ತೆಗೆಯಿರಿ. ಎತ್ತಿನ ಕಣ್ಣು ಚೂಪಾಗಿ ಬಂದು, ಹಿಂದಿನ ಜನ ಗೆರೆಯಾಗಿ ಹರಿದರೆ ನೀವು ಹ್ಯೂಸ್ಟನ್‌ಗೆ ತಯಾರು.

ಈಗ ಲೆನ್ಸ್. ನಿಮ್ಮ 70-300 ಸಾಕು. ಹಣ ಉಳಿಸಿ. ಲೆಕ್ಕ ನೋಡಿ: ಸಣ್ಣ ಸೆನ್ಸರ್ ಸುಮಾರು 23.5 ಮಿಲಿಮೀಟರ್ ಅಗಲ. 300ಕ್ಕೆ ಇಟ್ಟು 400 ಮೀಟರ್ ದೂರಕ್ಕೆ ಹಿಡಿದರೆ ಫ್ರೇಮಿನಲ್ಲಿ ಸುಮಾರು 31 ಮೀಟರ್ ಅಗಲದ ಜಾಗ ಕಾಣುತ್ತದೆ. ನೀವು ಹೇಳಿದ ಬಿಳಿ ಜೆಟ್, ಟಿ-38, ಮೂಗಿನಿಂದ ಬಾಲದವರೆಗೆ 14 ಮೀಟರ್. ಫ್ರೇಮಿನ ಅರ್ಧದ ಹತ್ತಿರ ಬರುತ್ತದೆ. ಹಾರುವ ವಸ್ತುವಿಗೆ ಇಷ್ಟು ಜಾಗ ಬಿಟ್ಟಿರುವುದೇ ಒಳ್ಳೆಯದು. ಊದಿದ ವಿಮಾನ 44 ಮೀಟರ್ ಉದ್ದ. ಅದಕ್ಕೆ ಅಷ್ಟೇ ದೂರದಿಂದ 200 ಕೂಡ ಬಿಗಿಯಾಗುತ್ತದೆ, ಕೆಳಗೆ ಇಳಿಸಬೇಕು.

ಆದರೆ ಲೆನ್ಸಿಗಿಂತ ದೊಡ್ಡ ಮಾತು ಒಂದಿದೆ. ಅದು ನಿಮಗೆ ಆಗಲೇ ಗೊತ್ತಿದೆ. ಮದುವೆಯಲ್ಲಿ ನೀವು ಒಳ್ಳೆಯ ಫೋಟೊ ತೆಗೆಯುವುದು ಹೇಗೆ? ಶಾಸ್ತ್ರದ ಕ್ರಮ ಬಾಯಿಪಾಠ ಇರುವುದರಿಂದ. ಅಂತರಪಟ ಯಾವಾಗ ಸರಿಯುತ್ತದೆ, ಅಕ್ಕಿಕಾಳು ಯಾವ ಕಡೆಯಿಂದ ಬೀಳುತ್ತವೆ, ತವರಿನವರು ಯಾವ ಗಳಿಗೆಗೆ ಕಣ್ಣು ಒರೆಸಿಕೊಳ್ಳುತ್ತಾರೆ, ಎಲ್ಲ ಗೊತ್ತು. ಅದಕ್ಕೇ ಅರ್ಧ ನಿಮಿಷ ಮುಂಚೆ ಸರಿಯಾದ ಜಾಗಕ್ಕೆ ಹೋಗಿ ನಿಂತಿರುತ್ತೀರಿ. ವಿಮಾನಕ್ಕೂ ಅಷ್ಟೇ. ಅದರ ಕೆಲಸ ಏನು, ಆ ಕೆಲಸದ ಕ್ರಮ ಏನು ಎಂದು ಗೊತ್ತಿದ್ದರೆ ಎಲ್ಲಿ ನಿಲ್ಲಬೇಕು ಎಂಬುದು ತಾನೇ ತಿಳಿಯುತ್ತದೆ. ಅದಕ್ಕೇ ಈ ಎರಡು ವಿಮಾನಗಳ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಟಿ-38 ಮೊದಲು ಹಾರಿದ್ದು 1959ರ ಏಪ್ರಿಲ್‌ನಲ್ಲಿ. ನಾರ್ಥ್ರಾಪ್ ಕಂಪನಿ ಅದನ್ನು 1972ರವರೆಗೆ ತಯಾರಿಸಿತು. ಅಂದರೆ ಇವತ್ತು ನೀವು ಎಲಿಂಗ್ಟನ್‌ನಲ್ಲಿ ನೋಡುವ ಜೆಟ್‌ಗಳಿಗೆ ಐವತ್ತು ದಾಟಿದೆ. ಒಂದರ ಹಿಂದೆ ಒಂದು, ಎರಡು ಸೀಟು. ಎರಡು ಎಂಜಿನ್. ಶಬ್ದದ ವೇಗದ ಒಂದೂವರೆ ಪಟ್ಟು ದಾಟುತ್ತದೆ. ಮೈಯೆಲ್ಲ ಬಿಳಿ, ಉದ್ದಕ್ಕೆ ನೀಲಿ ಪಟ್ಟಿ.

ಗಗನಯಾತ್ರಿಗೆ ಇದು ಯಾಕೆ ಬೇಕು ಎಂದು ಕೇಳಬಹುದು. ಆಕಾಶನೌಕೆಯನ್ನು ಇದರ ಹಾಗೆ ಹಾರಿಸುವುದಿಲ್ಲ, ಅಲ್ವಾ? ಉತ್ತರ ತಲೆಯಲ್ಲಿದೆ, ಕೈಯಲ್ಲಿಲ್ಲ. ನೆಲದ ಮೇಲಿನ ಸಿಮ್ಯುಲೇಟರ್‌ನಲ್ಲಿ ತಪ್ಪಾದರೆ ಮತ್ತೆ ಶುರು ಮಾಡಬಹುದು. ಜೆಟ್‌ನಲ್ಲಿ ಆಗದು. ಮೋಡ ಮುಚ್ಚುತ್ತದೆ, ಇಂಧನ ಇಳಿಯುತ್ತದೆ, ರೇಡಿಯೊದಲ್ಲಿ ಮಾತು ಬರುತ್ತಲೇ ಇರುತ್ತದೆ. ಮುಂದಿನವರು, ಹಿಂದಿನವರು ಇಬ್ಬರೂ ಕೆಲಸ ಹಂಚಿಕೊಂಡು ಒಂದೇ ನಿರ್ಧಾರಕ್ಕೆ ಬರಬೇಕು. ಆ ಒತ್ತಡ ನಿಜವಾದದ್ದು. ಬಾಹ್ಯಾಕಾಶದಲ್ಲಿ ಬೇಕಾಗುವ ಅಭ್ಯಾಸ ಅದೇ.

ಆ ಒತ್ತಡಕ್ಕೆ ಬೆಲೆಯೂ ಇದೆ. 1964ರ ಅಕ್ಟೋಬರ್ 31ರಂದು ಥಿಯೋಡೋರ್ ಫ್ರೀಮನ್ ಎಂಬ ಗಗನಯಾತ್ರಿ ಟಿ-38 ಹಾರಿಸುತ್ತ ಇದೇ ಎಲಿಂಗ್ಟನ್‌ಗೆ ಇಳಿಯಲು ಬರುತ್ತಿದ್ದರು. ಹೆಬ್ಬಾತು ಬಡಿಯಿತು. ಎಂಜಿನ್‌ಗಳು ನಿಂತವು. ಅವರು ಹೊರಗೆ ಜಿಗಿದರು, ಆದರೆ ನೆಲ ತೀರಾ ಹತ್ತಿರ ಇತ್ತು. ನಾಸಾದ ಗಗನಯಾತ್ರಿಗಳಲ್ಲಿ ಪ್ರಾಣ ಕಳೆದುಕೊಂಡ ಮೊದಲಿಗರು ಅವರು. ಬಾಹ್ಯಾಕಾಶಕ್ಕೆ ಹೋಗಲೇ ಇಲ್ಲ. ಆ ಜೆಟ್‌ನ ಪ್ರತಿ ಫೋಟೊ ತೆಗೆಯುವಾಗ ನನಗೆ ಇದು ನೆನಪಾಗುತ್ತದೆ.

ಹಾಗಾದರೆ ಟಿ-38ರ ಫೋಟೊ ಎಲ್ಲಿದೆ? ನನ್ನ ಕಣ್ಣಿಗೆ, ಆ ಎರಡು ಹೆಲ್ಮೆಟ್‌ಗಳಲ್ಲಿ. ಬಾಲದ ಬೆಂಕಿ ಎಲ್ಲರೂ ತೆಗೆಯುತ್ತಾರೆ. ನೀವು ಗಾಜಿನ ಹೊದಿಕೆಯ ಮೇಲೆ ಫೋಕಸ್ ಇಡಿ. ಇಳಿಯುವಾಗ ವಿಮಾನ ಮೂಗು ಸ್ವಲ್ಪ ಎತ್ತಿಕೊಂಡು ಬರುತ್ತದೆ. ಆಗ ಪಕ್ಕದಿಂದ ಇಬ್ಬರ ತಲೆಗಳೂ ಬೇರೆ ಬೇರೆಯಾಗಿ ಕಾಣುತ್ತವೆ. ಆ ಹೊತ್ತಿಗೆ ವೇಗ ಗಂಟೆಗೆ 280 ಕಿಲೋಮೀಟರ್ ಆಸುಪಾಸು, ಅಂದರೆ ಸೆಕೆಂಡಿಗೆ 80 ಮೀಟರ್ ಹತ್ತಿರ. 1/1000 ಸೆಕೆಂಡಿನಲ್ಲಿ 8 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕ್ಯಾಮೆರಾ ಜೊತೆಗೇ ತಿರುಗಿದರೆ ಆ 8 ಸೆಂಟಿಮೀಟರ್ ಲೆಕ್ಕಕ್ಕಿಲ್ಲ. ಮೊದಲ ದಿನ 1/1000ರಲ್ಲಿ ಇರಿ. ಕೈ ಪಳಗಿದ ಮೇಲೆ 1/250ಕ್ಕೆ ಇಳಿಯಿರಿ. ಜೆಟ್‌ಗೆ ತಿರುಗುವ ರೆಕ್ಕೆ ಇಲ್ಲ, ವೇಗ ತೋರಿಸುವುದು ಹಿಂದಿನ ಹುಲ್ಲು ಮತ್ತು ಕಟ್ಟಡ ಮಾತ್ರ. ಬರೀ ಆಕಾಶ ಹಿಂದಿದ್ದರೆ ನಿಧಾನ ಶಟರ್‌ನಿಂದ ಏನೂ ಸಿಗದು.

ಈಗ ಊದಿದ ವಿಮಾನ. ಇಲ್ಲಿ ಒಂದು ತಿದ್ದುಪಡಿ ಇದೆ, ಮಗಳಿಗೂ ಹೇಳಿ. ಸೂಪರ್ ಗಪ್ಪಿ ಎಂಬ ಈ ವಿಮಾನದ ಮನೆ ಎಲಿಂಗ್ಟನ್ ಅಲ್ಲ, ಎಲ್ ಪಾಸೊ. ಅದೂ ಟೆಕ್ಸಾಸ್ ರಾಜ್ಯವೇ, ಆದರೆ ಹ್ಯೂಸ್ಟನ್‌ನಿಂದ ರಸ್ತೆಯಲ್ಲಿ ಸುಮಾರು 1,200 ಕಿಲೋಮೀಟರ್. ಬೆಳಗಾವಿಯಿಂದ ಬೆಂಗಳೂರಿಗೆ ಹೋಗಿ ಮತ್ತೆ ವಾಪಸ್ ಬಂದು ಇನ್ನೂ ಮುಂದೆ ಹೋದಷ್ಟು. ಕೆಲಸ ಇದ್ದಾಗ ಮಾತ್ರ ಹಾರುತ್ತದೆ. ಎಲಿಂಗ್ಟನ್‌ಗೆ ಬರುವುದುಂಟು, ಆದರೆ ನೀವು ಹೋದ ದಿನ ಸಿಗುತ್ತದೆ ಎಂದು ಆಸೆ ಕಟ್ಟಿಕೊಳ್ಳಬೇಡಿ.

ಅದರ ಕತೆ ನನಗೆ ಬಹಳ ಇಷ್ಟ. 1960ರ ಆಸುಪಾಸಿನಲ್ಲಿ ನಾಸಾದ ರಾಕೆಟ್ ಭಾಗಗಳು ಎಷ್ಟು ದಪ್ಪ ಆದವೆಂದರೆ ಯಾವ ವಿಮಾನದಲ್ಲೂ ಹಿಡಿಯುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಿಂದ ಹಡಗಿನಲ್ಲಿ, ಪನಾಮ ಕಾಲುವೆ ದಾಟಿ ಫ್ಲಾರಿಡಾಕ್ಕೆ ಹೋಗಬೇಕಿತ್ತು. ಜಾಕ್ ಕಾನ್ರಾಯ್ ಎಂಬ ಪೈಲಟ್ ಹಳೆಯ ಬೋಯಿಂಗ್ ಸ್ಟ್ರಾಟೊಕ್ರೂಸರ್‌ನ ಬೆನ್ನು ಕತ್ತರಿಸಿ, ಮೇಲೆ ದೊಡ್ಡ ಗುಮ್ಮಟ ಕಟ್ಟಿಸಿದರು. 1962ರ ಸೆಪ್ಟೆಂಬರ್ 19ರಂದು ಅದು ಹಾರಿತು. ಅದಕ್ಕೆ ಬಸುರಿ ಗಪ್ಪಿ ಮೀನಿನ ಹೆಸರೇ ಬಂತು. ಅದರ ನಂತರ 1965ರಲ್ಲಿ ಇನ್ನೂ ದೊಡ್ಡ ಸೂಪರ್ ಗಪ್ಪಿ. ಚಂದ್ರನಿಗೆ ಹೋದ ಸ್ಯಾಟರ್ನ್-5 ರಾಕೆಟ್‌ನ ಮೂರನೇ ಹಂತವನ್ನು ಹೊತ್ತು ತಂದದ್ದು ಅದೇ.

ನಾಸಾದ ಹತ್ತಿರ ಇರುವುದು ಆ ಕುಟುಂಬದ ಕೊನೆಯದು. ಅದಕ್ಕೆ ಮೊದಲು ಯುರೋಪಿನಲ್ಲಿ ಏರ್‌ಬಸ್‌ಗೆ ದುಡಿಯುತ್ತಿತ್ತು. ಒಂದೊಂದು ದೇಶದಲ್ಲಿ ತಯಾರಾದ ರೆಕ್ಕೆ, ಒಡಲನ್ನು ಫ್ರಾನ್ಸಿನ ಟುಲೂಸ್‌ಗೆ ಸಾಗಿಸುವ ಕೆಲಸ. ಬೋಯಿಂಗ್ ವಿಮಾನದ ಹೊಟ್ಟೆಯಲ್ಲಿ ಏರ್‌ಬಸ್ ಹುಟ್ಟುತ್ತಿತ್ತು ಅನ್ನಿ! ಏರ್‌ಬಸ್ ಬೆಲುಗಾ ಎಂಬ ತನ್ನದೇ ಸಾಮಾನು ವಿಮಾನ ಮಾಡಿಕೊಂಡ ಮೇಲೆ, 1997ರಲ್ಲಿ, ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇದನ್ನು ನಾಸಾಕ್ಕೆ ಕೊಟ್ಟಿತು. ದುಡ್ಡಿಗಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ತನ್ನ ಪಾಲಿನ ಖರ್ಚಿಗೆ ಬದಲಾಗಿ ಕೊಟ್ಟದ್ದು. ಇವತ್ತು ನಮ್ಮ ಹತ್ತರಗಿಯ ಏಕಸ್ ಕಾರ್ಖಾನೆಯಲ್ಲೂ ಏರ್‌ಬಸ್‌ಗೆ ಬಿಡಿಭಾಗ ತಯಾರಾಗುತ್ತವೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಈ ದಪ್ಪ ಹೊಟ್ಟೆಯ ವಿಮಾನ ನೆನಪಾಗುತ್ತದೆ.

ಅದರೊಳಗೆ 7.6 ಮೀಟರ್ ಅಗಲದ ಜಾಗ. ಉದ್ದ ಸುಮಾರು 34 ಮೀಟರ್. ಇಷ್ಟು ದೊಡ್ಡದಾದರೂ ಹೊರುವ ತೂಕ ಸುಮಾರು 24 ಟನ್ ಮಾತ್ರ. ನಮ್ಮೂರ ಕಡೆ ಸುಗ್ಗಿ ಮುಗಿದ ಮೇಲೆ ಕಣಕಿ ಹೇರಿದ ಚಕ್ಕಡಿ ನೋಡಿದ್ದೀರಲ್ಲ? ರಸ್ತೆಯೆಲ್ಲ ತುಂಬಿರುತ್ತದೆ, ಎತ್ತುಗಳು ಆರಾಮಾಗಿ ನಡೆಯುತ್ತಿರುತ್ತವೆ. ಗಪ್ಪಿ ಹಾಗೆ. ಅದು ಇರುವುದು ಭಾರಕ್ಕಲ್ಲ, ಗಾತ್ರಕ್ಕೆ. 2019ರ ನವೆಂಬರ್‌ನಲ್ಲಿ ಓರಾಯನ್ ನೌಕೆಯನ್ನು ಪರೀಕ್ಷೆಗೆಂದು ಫ್ಲಾರಿಡಾದಿಂದ ಒಹಾಯೊಕ್ಕೆ ಹೊತ್ತು ಹೋಯಿತು. ನಾಸಾದ ಆರ್ಟೆಮಿಸ್-1 ಯಾನದಲ್ಲಿ ಚಂದ್ರನನ್ನು ಸುತ್ತಿ ಬಂದದ್ದು ಅದೇ ನೌಕೆ.

ಈಗ ಕ್ರಮ ನೋಡಿ. ಹಾರುವ ಗಪ್ಪಿ ಚೆಂದವೇ. ಆದರೆ ಅದರ ಅಕ್ಕಿಕಾಳ ಹೊತ್ತು ನೆಲದ ಮೇಲಿದೆ. ಕಾಕ್‌ಪಿಟ್ ಸಮೇತ ಇಡೀ ಮೂಗು, ವಾಡೆಯ ಬಾಗಿಲಿನಂತೆ 110 ಡಿಗ್ರಿ ಪಕ್ಕಕ್ಕೆ ತಿರುಗುತ್ತದೆ. ಸಾಮಾನು ಮುಂದಿನಿಂದ ನೇರ ಒಳಗೆ ಹೋಗುತ್ತದೆ. ಈ ಹೊತ್ತಿನಲ್ಲಿ ನಿಮಗೆ ಜಾಗ ಸಿಕ್ಕರೆ, ಮೂಗು ಯಾವ ಕಡೆ ಸರಿಯುತ್ತದೋ ಅದರ ಎದುರು ಬದಿಗೆ ನಿಲ್ಲಿ. ಇಲ್ಲವಾದರೆ ಮೂಗೇ ಅಡ್ಡ ಬಂದು ಒಳಗಿನ ಗುಹೆ ಕಾಣುವುದಿಲ್ಲ. ಪಕ್ಕದಲ್ಲಿ ಒಬ್ಬ ಕೆಲಸಗಾರ ಬರುವವರೆಗೆ ಕಾಯಿರಿ. ಮನುಷ್ಯ ಇಲ್ಲದ ಗಪ್ಪಿಯ ಫೋಟೊ ಆಟಿಕೆಯ ಹಾಗೆ ಕಾಣುತ್ತದೆ, ಅಳತೆಯೇ ಸಿಗುವುದಿಲ್ಲ.

ಹಾರುವಾಗ ನಿಮ್ಮ ಟೇಬಲ್ ಫ್ಯಾನ್ ನೆರವಿಗೆ ಬರುತ್ತದೆ. ಗಪ್ಪಿಗೆ ನಾಲ್ಕು ಟರ್ಬೊಪ್ರಾಪ್ ಎಂಜಿನ್. ಪ್ರತಿ ಪ್ರೊಪೆಲ್ಲರ್‌ಗೆ ನಾಲ್ಕು ಎಲೆ, ನಿಮಿಷಕ್ಕೆ ಸುಮಾರು 1,020 ಸುತ್ತು. ಅಂದರೆ ಸೆಕೆಂಡಿಗೆ 17. ಶಟರ್ 1/1000 ಇಟ್ಟರೆ ಎಲೆ 6 ಡಿಗ್ರಿ ಅಷ್ಟೇ ಸರಿಯುತ್ತದೆ. ನಿಂತ ಹಾಗೆ ಕಾಣುತ್ತದೆ. ಎಂಜಿನ್ ಕೆಟ್ಟು ಗಾಳಿಯಲ್ಲಿ ತೂಗುಹಾಕಿದ ವಿಮಾನದಂತೆ! ಮೊದಲ ಸಲ ಯಲಹಂಕದ ಏರೋ ಇಂಡಿಯಾಕ್ಕೆ ಹೋದಾಗ ನಾನು ವಾಯುಪಡೆಯ ಎಎನ್-32 ವಿಮಾನವನ್ನು ಇಡೀ ಮುಂಜಾನೆ 1/2000ರಲ್ಲಿ ತೆಗೆದೆ. ಎಲ್ಲ ಚೂಪು, ಎಲ್ಲ ಸತ್ತ ಫೋಟೊಗಳು. 1/125ಕ್ಕೆ ಎಲೆ ಸುಮಾರು 49 ಡಿಗ್ರಿ ತಿರುಗುತ್ತದೆ. ಎಲೆಗಳ ನಡುವಿನ ಜಾಗದ ಅರ್ಧ ತುಂಬುತ್ತದೆ, ಜೀವ ಬರುತ್ತದೆ. 1/60ಕ್ಕೆ ನೂರು ಡಿಗ್ರಿ, ಪೂರ್ತಿ ತಟ್ಟೆ. ಮನೆಯ ಟೇಬಲ್ ಫ್ಯಾನ್ ಜೋರಾಗಿ ಇಟ್ಟರೆ ನಿಮಿಷಕ್ಕೆ 1,300ರ ಆಸುಪಾಸು ತಿರುಗುತ್ತದೆ. ಅದರ ಮುಂದೆ ಕೂತು 1/1000ದಿಂದ 1/60ರವರೆಗೆ ಒಂದೊಂದೇ ಇಳಿಸಿ ನೋಡಿ. ಯಾವ ಮಸುಕು ಚೆಂದ ಎಂದು ನಿಮ್ಮ ಕಣ್ಣೇ ಹೇಳುತ್ತದೆ. ನನ್ನ ಆಯ್ಕೆ 1/125. ಕೈ ಗಟ್ಟಿ ಇದ್ದರೆ 1/80.

ಗಪ್ಪಿ ಸಿಗದೇ ಹೋದರೂ ಹ್ಯೂಸ್ಟನ್‌ನಲ್ಲಿ ಬೇಸರ ಆಗದು. ಎಲಿಂಗ್ಟನ್‌ನಲ್ಲೇ ನಾಸಾದ ಡಬ್ಲ್ಯುಬಿ-57 ವಿಮಾನಗಳಿವೆ. ಉದ್ದ ರೆಕ್ಕೆ, 60,000 ಅಡಿ ದಾಟಿ ಏರುತ್ತವೆ. 2017 ಮತ್ತು 2024ರ ಸೂರ್ಯಗ್ರಹಣಗಳನ್ನು ಮೋಡದ ಮೇಲಿನಿಂದ ಬೆನ್ನಟ್ಟಿ ಚಿತ್ರ ತೆಗೆದದ್ದು ಇವೇ. ಸ್ಪೇಸ್ ಸೆಂಟರ್ ಹ್ಯೂಸ್ಟನ್‌ನಲ್ಲಿ ಸ್ಪೇಸ್ ಶಟಲ್ ಹೊತ್ತು ಹಾರಿದ 747 ನಿಂತಿದೆ, ಅದರ ಬೆನ್ನ ಮೇಲೆ ಶಟಲ್‌ನ ಮಾದರಿ. ಒಳಗೂ ಹೋಗಬಹುದು. ಹಳೆಯ ಮೊದಲ ಸೂಪರ್ ಗಪ್ಪಿ ಆರಿಜೋನಾದ ಟೂಸಾನ್ ಊರಿನ ಪೀಮಾ ವಿಮಾನ ಸಂಗ್ರಹಾಲಯದಲ್ಲಿದೆ, ಆ ಕಡೆ ಹೋಗುವ ಯೋಗ ಬಂದರೆ ಬಿಡಬೇಡಿ.

ಎಲ್ಲಿ ನಿಲ್ಲಬೇಕು? ಎಲಿಂಗ್ಟನ್‌ನಲ್ಲಿ ಸೇನೆಯವರೂ ಕೋಸ್ಟ್ ಗಾರ್ಡಿನವರೂ ಇದ್ದಾರೆ. ಆದ್ದರಿಂದ ಬೇಲಿ ಹುಡುಕಿಕೊಂಡು ಸುತ್ತಬೇಡಿ. ಏರ್‌ಫೀಲ್ಡ್‌ನಲ್ಲೇ ಲೋನ್ ಸ್ಟಾರ್ ಫ್ಲೈಟ್ ಮ್ಯೂಸಿಯಂ ಇದೆ. ಟಿಕೆಟ್ ತೆಗೆದುಕೊಂಡು ಹೋಗಿ, ಎಲ್ಲಿಂದ ಫೋಟೊ ತೆಗೆಯಬಹುದು ಎಂದು ಅಲ್ಲಿನವರನ್ನೇ ಕೇಳಿ. ನಿಮ್ಮ ಅದೃಷ್ಟಕ್ಕೆ ವಿಂಗ್ಸ್ ಓವರ್ ಹ್ಯೂಸ್ಟನ್ ವೈಮಾನಿಕ ಪ್ರದರ್ಶನ ಎಲಿಂಗ್ಟನ್‌ನಲ್ಲಿ ನಡೆಯುವುದೂ ಅಕ್ಟೋಬರ್‌ನಲ್ಲೇ. ಮಗಳಿಗೆ ಈಗಲೇ ತಾರೀಖು ನೋಡಲು ಹೇಳಿ. ಅಲ್ಲಿ ಕ್ಯಾಮೆರಾ ಹಿಡಿದವರು ಸಾವಿರಾರು ಜನ, ಯಾರೂ ನಿಮ್ಮನ್ನು ವಿಚಿತ್ರವಾಗಿ ನೋಡುವುದಿಲ್ಲ. ರಸ್ತೆಯಲ್ಲಿ ಯಾರಾದರೂ ತಡೆದು ಕೇಳಿದರೆ ಕ್ಯಾಮೆರಾ ಕೆಳಗಿಳಿಸಿ, ನಗುತ್ತ, ಇರುವುದನ್ನು ಇದ್ದ ಹಾಗೆ ಹೇಳಿ. ಪಾಸ್‌ಪೋರ್ಟಿನ ಪ್ರತಿ ಜೇಬಿನಲ್ಲಿರಲಿ. ಡ್ರೋನ್ ಮಾತ್ರ ಬೆಳಗಾವಿಯಲ್ಲೇ ಬಿಟ್ಟು ಹೋಗಿ.

ಮುಖ್ಯ ರನ್‌ವೇ ಹೆಚ್ಚುಕಡಿಮೆ ಉತ್ತರ-ದಕ್ಷಿಣ. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ, ಏರುತ್ತದೆ. ಸಮುದ್ರದ ಕಡೆಯಿಂದ, ಅಂದರೆ ದಕ್ಷಿಣದಿಂದ ಗಾಳಿ ಬೀಸುವ ದಿನ ವಿಮಾನಗಳು ಉತ್ತರದಿಂದ ಇಳಿಯಲು ಬರುತ್ತವೆ. ಒಂದು ಬಾವುಟ ನೋಡಿದರೆ ಸಾಕು, ಯಾವ ಕಡೆ ಕಣ್ಣಿಡಬೇಕು ಎಂದು ತಿಳಿಯುತ್ತದೆ. ಮುಂಜಾನೆ ರನ್‌ವೇಯ ಪೂರ್ವಕ್ಕೆ, ಮಧ್ಯಾಹ್ನದ ನಂತರ ಪಶ್ಚಿಮಕ್ಕೆ ಇದ್ದರೆ ಬಿಸಿಲು ಬೆನ್ನಿಗೆ ಬರುತ್ತದೆ.

ಹ್ಯೂಸ್ಟನ್‌ನ ನಿಜವಾದ ಶತ್ರು ಕಾವು. ಕಾಂಕ್ರೀಟಿನ ಮೇಲಿನ ಗಾಳಿ ಕಾಯ್ದು ನೀರಿನ ಹಾಗೆ ಅಲುಗುತ್ತದೆ. ಬೇಸಿಗೆಯಲ್ಲಿ ವಿಜಯಪುರದ ರಸ್ತೆಯಲ್ಲಿ ದೂರದ ಲಾರಿ ನಡುಗುವುದಿಲ್ಲವೇ, ಅದೇ. ಲಕ್ಷ ರೂಪಾಯಿಯ ಲೆನ್ಸ್ ತಂದರೂ ಅದು ಹೋಗದು. ದೂರದಿಂದ ಎಳೆದಷ್ಟೂ ಜಾಸ್ತಿ ಆಗುತ್ತದೆ. ಹತ್ತು ಗಂಟೆಯೊಳಗೆ ತೆಗೆಯಿರಿ. ಅದಾದ ಮೇಲೆ ನೆಲದ ಮೇಲಿನ ವಿಮಾನ ಬಿಟ್ಟು, ಮೇಲಕ್ಕೆ ಎದ್ದದ್ದನ್ನು ಮಾತ್ರ ತೆಗೆಯಿರಿ.

ಬಿಳಿ ಬಣ್ಣದ ವಿಷಯ ನಿಮಗೆ ಬಿಳಿ ಧೋತರದ ಮದುಮಗನಿಂದಲೇ ಗೊತ್ತು. ಫ್ರೇಮ್ ತುಂಬ ಬಿಳಿ ಇದ್ದರೆ ಕ್ಯಾಮೆರಾ ಕಪ್ಪಾಗಿಸುತ್ತದೆ, ಬೆಳಕು ಅರ್ಧ ಸ್ಟಾಪ್ ಜಾಸ್ತಿ ಕೊಡಿ. ಕಡು ನೀಲಿ ಆಕಾಶದಲ್ಲಿ ಸಣ್ಣ ಬಿಳಿ ಜೆಟ್ ಇದ್ದರೆ ಉಲ್ಟಾ. ಬಿಳಿ ಸುಟ್ಟು ಹೋಗುತ್ತದೆ, ಅರ್ಧದಿಂದ ಮುಕ್ಕಾಲು ಕೆಳಗೆ ಇಳಿಸಿ. ರಾ ಫೈಲ್‌ನಲ್ಲಿ ತೆಗೆಯಿರಿ. ಇನ್ನೊಂದು ಸಣ್ಣ ಮಾತು, ಆದರೆ ಇಡೀ ಮುಂಜಾನೆ ಹಾಳು ಮಾಡಬಲ್ಲದು: ಎಸಿ ಕಾರಿನಿಂದ ಆ ಹಸಿ ಸೆಕೆಗೆ ಕ್ಯಾಮೆರಾ ತೆಗೆದರೆ ಗಾಜಿನ ಮೇಲೆ ಮಂಜು ಕೂರುತ್ತದೆ. ಬ್ಯಾಗ್ ಮುಚ್ಚಿದ ಹಾಗೆಯೇ ಡಿಕ್ಕಿಯಲ್ಲಿಟ್ಟು, ತಲುಪಿದ ಮೇಲೆ ಅರ್ಧ ತಾಸು ಹೊರಗೆ ಬಿಟ್ಟು ಆಮೇಲೆ ತೆರೆಯಿರಿ.

ನಾಸಾದ ಸಾಮಾನು ವಿಮಾನ ನೋಡಲು ಅಮೆರಿಕಕ್ಕೇ ಹೋಗಬೇಕು ಎಂದೇನಿಲ್ಲ, ಗೊತ್ತಾ? ನಾಸಾ ಮತ್ತು ಇಸ್ರೊ ಸೇರಿ ಮಾಡಿದ ನಿಸಾರ್ ಉಪಗ್ರಹ 2023ರ ಮಾರ್ಚ್‌ನಲ್ಲಿ ಅಮೆರಿಕದ ವಾಯುಪಡೆಯ ಸಿ-17ರಲ್ಲಿ ಬೆಂಗಳೂರಿಗೆ ಬಂತು. ಅದರ 12 ಮೀಟರ್‌ನ ಆಂಟೆನಾ ದುರಸ್ತಿಗೆ ಹೋಗಿ, 2024ರ ಅಕ್ಟೋಬರ್‌ನಲ್ಲಿ ನಾಸಾದ್ದೇ ಸಿ-130ರಲ್ಲಿ ವಾಪಸ್ ಬೆಂಗಳೂರಿಗೆ ಇಳಿಯಿತು. ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಮೇಲೇರಿತು. ಆ ಆಂಟೆನಾವನ್ನು ವಿಮಾನದಿಂದ ಇಳಿಸುವ ಹೊತ್ತಿನ ಫೋಟೊ ತೆಗೆಯುವ ಭಾಗ್ಯ ನನಗಿರಲಿಲ್ಲ. ಇವತ್ತಿಗೂ ಅದೊಂದು ಕೊರಗು.

ಒಂದು ಸಣ್ಣ ನೋಟ್‌ಬುಕ್ ಜೇಬಿನಲ್ಲಿಟ್ಟುಕೊಳ್ಳಿ. ನಾಸಾದ ಪ್ರತಿ ವಿಮಾನಕ್ಕೂ ಒಂದು ನಂಬರ್ ಇರುತ್ತದೆ, ಕೊನೆಯಲ್ಲಿ ಎನ್‌ಎ ಎಂಬ ಎರಡು ಅಕ್ಷರ. ಗಪ್ಪಿಯದು ಎನ್941ಎನ್‌ಎ. ಫೋಟೊ ತೆಗೆದ ಕೂಡಲೇ ನಂಬರ್, ದಿನ, ಹೊತ್ತು ಬರೆದುಕೊಳ್ಳಿ. ಮದುವೆ ಆಲ್ಬಮ್‌ನಲ್ಲಿ ಹೆಸರು ಬರೆಯದ ಮುಖಗಳು ಇಪ್ಪತ್ತು ವರ್ಷದ ನಂತರ ಯಾರದ್ದೆಂದೇ ತಿಳಿಯುವುದಿಲ್ಲ, ನಿಮಗೆ ಗೊತ್ತು. ಈಗ ಎಲಿಂಗ್ಟನ್‌ನಲ್ಲಿ ಟಿ-38 ಹತ್ತಿ ಕಲಿಯುತ್ತಿರುವವರಲ್ಲಿ ಯಾರೋ ಒಬ್ಬರು ಮುಂದೆ ಚಂದ್ರನ ಮೇಲೆ ಕಾಲಿಡಬಹುದು. ಆ ದಿನ ನಿಮ್ಮ ನೋಟ್‌ಬುಕ್ ತೆಗೆದು ನಂಬರ್ ಹೊಂದಿಸಿ ನೋಡಬಹುದು, ಹಿಂದಿನ ಸೀಟಿನ ಆ ಹೆಲ್ಮೆಟ್ ಯಾರದಿತ್ತು ಎಂದು.